27 ಸುತ್ತುಗಳ ಲೀಗು, ಕ್ಲಾಕ್ಸ್‌ವೀಕ್ ಎಂಬ ಮೀನುಗಾರರ ಊರು

2023ರ ಜುಲೈನಲ್ಲಿ ಹಂಗೇರಿಯ ಚಾಂಪಿಯನ್ ತಂಡ ಫೆರೆನ್ಸ್‌ವಾರೋಸ್ ಬುಡಾಪೆಸ್ಟ್‌ನ ತನ್ನದೇ ಮೈದಾನದಲ್ಲಿ 3-0 ಅಂತರದಿಂದ ಸೋತಿತು. ಸೋಲಿಸಿದ್ದು ಉತ್ತರ ಅಟ್ಲಾಂಟಿಕ್‌ನಲ್ಲಿ ಡೆನ್ಮಾರ್ಕ್‌ಗೆ ಸೇರಿದ, ಸ್ವಂತ ಆಡಳಿತವಿರುವ ಫೆರೋ ದ್ವೀಪಗಳ ಕ್ಲಾಕ್ಸ್‌ವೀಕ್ ಊರಿನ ಕೆಐ ಕ್ಲಬ್ಬು. ಅರ್ನಿ ಫ್ರೆಡರಿಕ್ಸ್‌ಬರ್ಗ್ ಎರಡು ಗೋಲು, ಲುಕ್ ಕಾಸ್ಸಿ ಒಂದು. ಸೋತ ತಂಡದ ಕೋಚ್ ಸ್ಟಾನಿಸ್ಲಾವ್ ಚೆರ್ಚೆಸೋವ್, ಐದು ವರ್ಷದ ಹಿಂದೆ ರಷ್ಯಾವನ್ನು ವಿಶ್ವಕಪ್ ಕ್ವಾರ್ಟರ್ ಫೈನಲ್‌ವರೆಗೆ ಒಯ್ದವರು, ಕೂಡಲೇ ಕೆಲಸ ಕಳೆದುಕೊಂಡರು. ಫುಟ್‌ಬಾಲ್ ನೋಡುವ ನನ್ನ ಗೆಳೆಯರೆಲ್ಲ ಅವತ್ತು ಮೆಸೇಜ್ ಮಾಡಿದ್ದು ಒಂದೇ: ಪವಾಡ ಮಾರಾಯ, ಪವಾಡ!

ನನಗೆ ಅದು ಅವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಇಲ್ಲ. ಪವಾಡ ಅಂದುಬಿಟ್ಟರೆ ಆ ಊರಿನವರು ವರ್ಷವಿಡೀ ಮಾಡುವ ಕೆಲಸಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಬುಡಾಪೆಸ್ಟ್‌ನ ಆ ರಾತ್ರಿಯ ಬೇರು ಅವರ ಲೀಗಿನಲ್ಲಿದೆ. ಆ ಲೀಗಿನ 2023ರ ಸೀಸನ್ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ನನಗೂ ಆ ಊರಿಗೂ ಏನು ಸಂಬಂಧ ಅನ್ನುವುದನ್ನು ಹೇಳಿಬಿಡುತ್ತೇನೆ. ಹುಟ್ಟಿದ್ದು ಮಲ್ಪೆಯಲ್ಲಿ, ಅಪ್ಪ ಬೋಟಿಗೆ ಹೋಗುತ್ತಿದ್ದರು, ನಾನು ಡಿಪ್ಲೊಮಾ ಮುಗಿಸಿ ಐಸ್ ಪ್ಲಾಂಟಿನಲ್ಲಿ ಕೆಲಸ ಕಲಿತವನು. ಅದೇ ವಿದ್ಯೆ ಮುಂದೆ ನನ್ನನ್ನು ಡೆನ್ಮಾರ್ಕ್‌ಗೆ ತಂದಿತು. ಮೀನು ಸಂಸ್ಕರಿಸುವ ಕಾರ್ಖಾನೆಗಳ ಶೀತಲ ಯಂತ್ರಗಳ ರಿಪೇರಿ ನನ್ನ ಕೆಲಸ. ಫೆರೋದಲ್ಲಿ ಅಂಥ ಕಾರ್ಖಾನೆಗಳಿಗೆ ಬರವಿಲ್ಲ. ದೇಶದ ರಫ್ತು ಅಂದರೆ ಹೆಚ್ಚುಕಡಿಮೆ ಎಲ್ಲ ಮೀನೇ. ಹಾಗಾಗಿ ಕಂಪ್ರೆಸರ್ ಕೈಕೊಟ್ಟಾಗಲೆಲ್ಲ ವಿಮಾನ ಹತ್ತುವುದು, ವಾಗರ್ ದ್ವೀಪದಲ್ಲಿ ಇಳಿಯುವುದು, ಅಲ್ಲಿಂದ ಕಾರು.

ಅವರ ಫುಟ್‌ಬಾಲ್ ಕಡೆಗೆ ನನ್ನ ಗಮನ ಹೋದದ್ದು 2020ರ ಮೇ ತಿಂಗಳಲ್ಲಿ. ಯುರೋಪಿನ ಹೆಚ್ಚಿನ ಲೀಗುಗಳು ಕೊರೊನಾಕ್ಕೆ ಬಾಗಿಲು ಹಾಕಿ ಕುಳಿತಿದ್ದಾಗ ಮೇ 9ರಂದು ಫೆರೋದವರು ಸೀಸನ್ ಶುರು ಮಾಡಿಬಿಟ್ಟರು. ನಾರ್ವೆಯ ಟಿವಿ ವಾಹಿನಿಯೊಂದು ಅವರ ಪಂದ್ಯಗಳನ್ನು ಕೊಂಡು ತೋರಿಸಿತು. ಬೇರೆ ಏನೂ ಇಲ್ಲದ ಆ ದಿನಗಳಲ್ಲಿ ನಾನೂ ನೋಡಿದೆ. ನೋಡನೋಡುತ್ತ ಹೆಸರುಗಳು ನೆನಪಿಗೆ ಹತ್ತಿದವು, ಯಾವ ಊರಿಗೆ ಯಾವ ಊರಿನ ಮೇಲೆ ಸಿಟ್ಟು ಅನ್ನುವುದು ತಿಳಿಯತೊಡಗಿತು. ಆಮೇಲೆ ಬಿಡಲಿಕ್ಕಾಗಲಿಲ್ಲ.

ದೇಶದ ಜನಸಂಖ್ಯೆ ಸುಮಾರು 54 ಸಾವಿರ. ನಮ್ಮ ಉಡುಪಿ ನಗರದ ಅರ್ಧವೂ ಅಲ್ಲ. 18 ದ್ವೀಪ, ಅಗ್ರ ಲೀಗಿನಲ್ಲಿ 10 ಕ್ಲಬ್ಬು. ಒಂದು ಬ್ಯಾಂಕಿನ ಪ್ರಾಯೋಜಕತ್ವದಿಂದಾಗಿ ಲೀಗಿನ ಹೆಸರು ಬೆಟ್ರಿ ಡೈಲ್ಡಿನ್. ಮಾರ್ಚ್‌ನಲ್ಲಿ ಶುರುವಾಗಿ ಅಕ್ಟೋಬರಿಗೆ ಮುಗಿಯುತ್ತದೆ, ಯಾಕೆಂದರೆ ಚಳಿಗಾಲದ ಗಾಳಿಯಲ್ಲಿ ಅಲ್ಲಿ ಚೆಂಡು ಹೇಳಿದ ಕಡೆ ಹೋಗುವುದಿಲ್ಲ. ಹತ್ತೇ ತಂಡವಾದ್ದರಿಂದ ಪ್ರತಿಯೊಬ್ಬರೂ ಉಳಿದ ಒಂಬತ್ತು ತಂಡಗಳ ಜೊತೆ ಮೂರು ಮೂರು ಸಲ ಆಡಬೇಕು, ಒಟ್ಟು 27 ಸುತ್ತು. ಈ ಮೂರನೆಯ ಸಲ ಬಹಳ ಮುಖ್ಯ. ಎರಡು ಪಂದ್ಯವಾದರೆ ತವರಿನಲ್ಲೊಂದು, ಹೊರಗೊಂದು ಎಂದು ಲೆಕ್ಕ ಸರಿಹೋಗುತ್ತದೆ. ಮೂರಾದಾಗ ಯಾರಿಗೋ ಒಬ್ಬರಿಗೆ ತವರಿನ ಲಾಭ ಹೆಚ್ಚು. ಅಷ್ಟೇ ಅಲ್ಲ, ಅಷ್ಟು ಹೊತ್ತಿಗೆ ಎದುರು ತಂಡದ ಲೆಫ್ಟ್ ಬ್ಯಾಕ್ ಯಾವ ಕಾಲಿನಲ್ಲಿ ಒದೆಯುತ್ತಾನೆ, ಕಾರ್ನರ್ ಸಿಕ್ಕರೆ ಯಾರು ಮುಂದೆ ಓಡುತ್ತಾರೆ ಎಲ್ಲ ಬಾಯಿಪಾಠವಾಗಿರುತ್ತದೆ. ಗೊತ್ತಿರುವ ಎದುರಾಳಿಯನ್ನು ಗೊತ್ತಿದ್ದೂ ಸೋಲಿಸುವ ದಾರಿ ಹುಡುಕಬೇಕು. ಕೆಐ ತಂಡ ಕಲಿತದ್ದು ಇದನ್ನೇ ಅಂತ ನನ್ನ ನಂಬಿಕೆ.

ಲೀಗು ಶುರುವಾದದ್ದು 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ದ್ವೀಪಗಳು ಬ್ರಿಟಿಷ್ ಸೈನ್ಯದ ಕೈಯಲ್ಲಿದ್ದಾಗ. ಮೊದಲ ವರ್ಷ ಗೆದ್ದದ್ದೂ ಇದೇ ಕೆಐ. 1944ರಲ್ಲಿ ಲೀಗು ನಡೆಯಲೇ ಇಲ್ಲ, ಕಾರಣ ಯುದ್ಧಕಾಲದಲ್ಲಿ ಚೆಂಡು ಸಿಗಲಿಲ್ಲ. ನನಗೆ ಈ ವಿವರ ಬಹಳ ಇಷ್ಟ. ಬ್ರಿಟಿಷ್ ಸೈನ್ಯ ಬಂದು ಕೂತಿದ್ದಕ್ಕೆ ನಿಲ್ಲದ ಆಟ ಚೆಂಡಿಲ್ಲದೆ ನಿಂತಿತು!

ದ್ವೀಪಗಳ ನಡುವೆ ಓಡಾಡುವುದೇ ಹಿಂದೆ ದೊಡ್ಡ ಕೆಲಸವಾಗಿತ್ತು. ಈಗ ಸಮುದ್ರದ ತಳ ಕೊರೆದು ಸುರಂಗ ಮಾಡಿದ್ದಾರೆ. ಕ್ಲಾಕ್ಸ್‌ವೀಕ್‌ಗೆ ಲೈರ್‌ವೀಕ್ ಊರಿನಿಂದ 6 ಕಿಲೋಮೀಟರಿಗೂ ಉದ್ದದ ಸುರಂಗ 2006ರಲ್ಲಿ ತೆರೆಯಿತು. ಒಳಗೆ ಒಂದು ಕಡೆ ನೀಲಿ, ಹಸಿರು ದೀಪಗಳ ಅಲಂಕಾರ ಬೇರೆ. 2020ರ ಡಿಸೆಂಬರಿನಲ್ಲಿ ರಾಜಧಾನಿ ಟೋರ್ಸ್‌ಹಾವ್ನ್ ಕಡೆಯಿಂದ ಇನ್ನೊಂದು 11 ಕಿಲೋಮೀಟರ್ ಸುರಂಗ ತೆರೆಯಿತು. ಅದರಲ್ಲಿ ಸಮುದ್ರದ ಅಡಿಯಲ್ಲೇ ಒಂದು ವೃತ್ತ ಉಂಟು. ಒಂದು ಗಂಟೆಗೂ ಮೀರಿ ಹಿಡಿಯುತ್ತಿದ್ದ ಟೋರ್ಸ್‌ಹಾವ್ನ್–ಕ್ಲಾಕ್ಸ್‌ವೀಕ್ ದಾರಿ ಈಗ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಜನ ಇದನ್ನು ಮೀನಿನ ಲಾರಿಗೆ, ಆಸ್ಪತ್ರೆಗೆ ಅನುಕೂಲ ಅನ್ನುತ್ತಾರೆ. ನಾನು ಫುಟ್‌ಬಾಲಿಗೂ ಅಷ್ಟೇ ದೊಡ್ಡ ಅನುಕೂಲ ಅನ್ನುತ್ತೇನೆ. ರಾಜಧಾನಿಯಲ್ಲಿ ಹಗಲು ಕೆಲಸ ಮಾಡುವ ಹುಡುಗ ಸಂಜೆ ಕ್ಲಾಕ್ಸ್‌ವೀಕ್‌ನಲ್ಲಿ ಅಭ್ಯಾಸಕ್ಕೆ ಹಾಜರಾಗಿ ರಾತ್ರಿ ಮನೆಗೆ ವಾಪಸಾಗಬಹುದು. ದಕ್ಷಿಣದ ಸುದುರೋಯ್ ದ್ವೀಪದ ತಂಡಕ್ಕೆ ಮಾತ್ರ ಇನ್ನೂ ಸುರಂಗವಿಲ್ಲ. ಅವರು ಹೊರಗಿನ ಪಂದ್ಯಕ್ಕೆ ಸುಮಾರು ಎರಡು ಗಂಟೆಯ ಹಡಗಿನ ಪ್ರಯಾಣ ಮಾಡಲೇಬೇಕು.

ಇನ್ನು 2023. ಹಿಂದಿನ ಎರಡು ವರ್ಷ ಲೀಗು ಗೆದ್ದಿದ್ದ ಕೆಐಗೆ ಆ ಸಲ ಹೊಸ ಕೋಚ್. ಗೆಲ್ಲಿಸಿಕೊಟ್ಟಿದ್ದ ಮಿಕ್‌ಯಾಲ್ ಥೊಮಾಸೆನ್ ನಾರ್ವೆಯ ಫ್ರೆಡ್ರಿಕ್‌ಸ್ಟಾಡ್ ಕ್ಲಬ್ಬಿಗೆ ಹೋದರು, ನಾರ್ವೆಯಿಂದ ಮಾಗ್ನೆ ಹೋಸೆತ್ ಬಂದರು. ಆಟಗಾರರಲ್ಲಿ ಹಲವರು ಹಗಲು ಬೇರೆ ಉದ್ಯೋಗದಲ್ಲಿರುವವರೇ. ಇಂಥ ತಂಡ ಚಾಂಪಿಯನ್ಸ್ ಲೀಗಿನ ಮೊದಲ ಅರ್ಹತಾ ಸುತ್ತಿನಲ್ಲಿ ಫೆರೆನ್ಸ್‌ವಾರೋಸ್ ಜೊತೆ ತವರಿನಲ್ಲಿ 0-0 ಮಾಡಿಕೊಂಡು, ಬುಡಾಪೆಸ್ಟ್‌ನಲ್ಲಿ ಮೇಲೆ ಹೇಳಿದ ಹಾಗೆ ಮಾಡಿತು. ಮುಂದಿನ ಸುತ್ತಿನಲ್ಲಿ ಸ್ವೀಡನ್ನಿನ ಚಾಂಪಿಯನ್ ಹೆಕೆನ್. ತವರಿನಲ್ಲಿ ಮತ್ತೆ 0-0. ಸ್ವೀಡನ್ನಿನಲ್ಲಿ ಹೆಚ್ಚುವರಿ ಸಮಯವೂ ಮುಗಿದಾಗ 3-3. ಕೊನೆಗೆ ಪೆನಾಲ್ಟಿಯಲ್ಲಿ ಕೆಐ ಗೆದ್ದಿತು.

ಈ ಹೆಕೆನ್ ಪಂದ್ಯವೇ ನನ್ನ ಪ್ರಕಾರ ಬುಡಾಪೆಸ್ಟಿಗಿಂತ ದೊಡ್ಡದು. 3-0 ಗೆಲುವನ್ನು ಎದುರಾಳಿಯ ಅಸಡ್ಡೆಯ ಲೆಕ್ಕಕ್ಕೆ ಬರೆಯಬಹುದು. ಆದರೆ ಫೆರೆನ್ಸ್‌ವಾರೋಸ್‌ಗೆ ಆದದ್ದನ್ನು ಕಣ್ಣಾರೆ ನೋಡಿ, ಎಚ್ಚರದಿಂದ ಸಿದ್ಧವಾಗಿ ಬಂದ ತಂಡವನ್ನು ಅದರ ಊರಿನಲ್ಲೇ 120 ನಿಮಿಷ ತಡೆದು ನಿಲ್ಲಿಸುವುದು ಅಭ್ಯಾಸವಿಲ್ಲದೆ ಬರುವಂಥದ್ದಲ್ಲ. ಆ ಗೆಲುವಿನೊಂದಿಗೆ ಯುರೋಪಿನ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನ ಗುಂಪು ಹಂತವಾದರೂ ಖಾತ್ರಿಯಾಯಿತು. ಯುರೋಪಿನ ಯಾವುದೇ ಟೂರ್ನಿಯಲ್ಲಿ ಫೆರೋದ ಕ್ಲಬ್ಬೊಂದು ಗುಂಪು ಹಂತ ಮುಟ್ಟಿದ್ದು ಅದೇ ಮೊದಲು. ಕ್ಲಾಕ್ಸ್‌ವೀಕ್ ಕಾರ್ಖಾನೆಯ ಫೋರ್‌ಮನ್ ಒಬ್ಬರು ನನಗೆ ಒಳ್ಳೆಯ ಗೆಳೆಯ. ಪೆನಾಲ್ಟಿ ಮುಗಿದ ಮೇಲೆ ಫೋನ್ ಮಾಡಿದರು. ಮಾತೇ ಇಲ್ಲ, ಹಿಂದೆ ಬಂದರಿನಲ್ಲಿ ಬೋಟುಗಳು ಹಾರ್ನ್ ಹೊಡೆಯುತ್ತಿದ್ದವು, ಅದನ್ನು ಕೇಳಿಸಲಿಕ್ಕೇ ಫೋನ್ ಮಾಡಿದ್ದು!

ಮೂರನೆಯ ಸುತ್ತಿನಲ್ಲಿ ನಾರ್ವೆಯ ಮೊಲ್ಡೆ. ಹೋಸೆತ್ ಸ್ವತಃ ವರ್ಷಗಟ್ಟಲೆ ಆಡಿದ್ದ ಕ್ಲಬ್ಬು ಅದು. ತವರಿನಲ್ಲಿ ಕೆಐ 2-1 ಗೆದ್ದಿತು, ಅಲ್ಲಿ ಹೋಗಿ ಹೆಚ್ಚುವರಿ ಸಮಯದಲ್ಲಿ 2-0 ಸೋತಿತು. ಆಮೇಲೆ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗಿನ ಪ್ಲೇಆಫ್‌ನಲ್ಲಿ ಮಾಲ್ಡೋವಾದ ಶೆರಿಫ್ ಎದುರು ಸೋತು ಕಾನ್ಫರೆನ್ಸ್ ಲೀಗಿಗೆ ಬಂದು ನಿಂತಿತು.

ಇದೆಲ್ಲ ಬೇಸಿಗೆಯ ವಾರದ ನಡುವಿನ ಕಥೆ. ಮಧ್ಯೆ ಲೀಗು ಇದ್ದೇ ಇದೆಯಲ್ಲ. ಯುರೋಪಿನ ಚಾಂಪಿಯನ್ನರ ಜೊತೆ ಆಡಿ ಬಂದವರು ಮತ್ತೆ ಪಕ್ಕದ ಊರಿನ ತಂಡದ ಎದುರು ಕೆಲವೇ ನೂರು ಜನರ ಮುಂದೆ ಆಡಬೇಕು. ಪಕ್ಕದ ಊರಿನವರಿಗೆ ಬುಡಾಪೆಸ್ಟ್ ಗೆದ್ದು ಬಂದವರನ್ನು ಕೆಡವುವುದಕ್ಕಿಂತ ದೊಡ್ಡ ಆಸೆ ಇನ್ನೇನಿದ್ದೀತು? ದೊಡ್ಡ ಪಂದ್ಯದ ಮರುವಾರ ಸಣ್ಣ ತಂಡದ ಎದುರು ಮುಗ್ಗರಿಸುವುದು ಎಲ್ಲ ದೇಶದ ಫುಟ್‌ಬಾಲಿನಲ್ಲೂ ಕಾಣುವ ಸಂಗತಿ. ಕೆಐ ಹಾಗೆ ಕುಸಿಯಲಿಲ್ಲ. ಸತತ ಮೂರನೆಯ ವರ್ಷವೂ ಪ್ರಶಸ್ತಿ ಉಳಿಸಿಕೊಂಡಿತು. ಜಗತ್ತು ನೋಡದ ಆ ಪಂದ್ಯಗಳ ಬಗ್ಗೆ ನನಗಿರುವ ಗೌರವ ಇನ್ನೂ ಹೆಚ್ಚು.

ಅಂಥದ್ದೊಂದು ಪಂದ್ಯ ನೋಡಿದ್ದನ್ನು ಹೇಳುತ್ತೇನೆ. ರುನಾವೀಕ್ ಊರಿನ ಎನ್‌ಎಸ್‌ಐ ತಂಡ ಕ್ಲಾಕ್ಸ್‌ವೀಕ್‌ಗೆ ಬಂದಿತ್ತು. ಊರು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿದೆ, ಮುಂದೆ ಬಂದರು. ಮೈದಾನದ ಹುಲ್ಲು ಕೃತಕ. ಸಹಜ ಹುಲ್ಲು ಆ ಮಳೆಯಲ್ಲಿ ಆಟಕ್ಕೆ ತಾಳುವುದಿಲ್ಲ. ಕೆಲವರು ಸ್ಟ್ಯಾಂಡಿನಲ್ಲಿ, ಕೆಲವರು ಮಳೆಗೆ ಕಾರಿನೊಳಗೇ ಕೂತಿದ್ದರು. ಫೋರ್‌ಮನ್ ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಟ್ಟು ಒಬ್ಬೊಬ್ಬರನ್ನೇ ತೋರಿಸುತ್ತ ಹೋದರು: ಅವನು ನನ್ನ ಹೆಂಡತಿಯ ಚಿಕ್ಕಪ್ಪನ ಮೊಮ್ಮಗ, ಇವನ ಅಪ್ಪ ನಮ್ಮಲ್ಲೇ ಫಿಲೆಟ್ ಲೈನಿನಲ್ಲಿದ್ದ, ಆ ಲೈನ್ಸ್‌ಮನ್ ನನ್ನ ಮಗಳಿಗೆ ಗಣಿತ ಕಲಿಸಿದವನು.

ಗೋಲ್‌ಕೀಪರ್ ಗಾಳಿಗೆ ಎದುರಾಗಿ ಒದ್ದ ಚೆಂಡು ಮಧ್ಯದ ಗೆರೆ ದಾಟುವಷ್ಟರಲ್ಲಿ ನಿಂತು, ಹಿಂದಕ್ಕೆ ತಿರುಗಿ ಅವನ ಕಡೆಗೇ ಬಂತು. ಮುಂದಿನ ಸಲದಿಂದ ಅವನು ಎತ್ತರಕ್ಕೆ ಒದೆಯಲೇ ಇಲ್ಲ. ಪಕ್ಕದಲ್ಲಿದ್ದ ಡಿಫೆಂಡರನಿಗೆ ನೆಲದ ಮೇಲೆ ಉರುಳಿಸಿದ. ಅವನು ಇನ್ನೊಬ್ಬನಿಗೆ, ಇನ್ನೊಬ್ಬ ಮತ್ತೊಬ್ಬನಿಗೆ. ಹೀಗೆ ಸಣ್ಣ ಸಣ್ಣ ಪಾಸುಗಳಲ್ಲಿ ಇಡೀ ತಂಡ ಗಾಳಿಯ ಕೆಳಗೆ ನುಸುಳಿಕೊಂಡು ಮುಂದೆ ಹೋಯಿತು. ವಿರಾಮದ ನಂತರ ಗಾಳಿ ಬೆನ್ನಿಗೆ ಬಂದಾಗ ಅದೇ ತಂಡ ದೂರದಿಂದಲೇ ಗೋಲಿಗೆ ಹೊಡೆಯಲು ಶುರು ಮಾಡಿತು. ಒಂದೇ ಸಂಜೆಯಲ್ಲಿ ಎರಡು ಬಗೆಯ ಫುಟ್‌ಬಾಲ್. ಯಾರೂ ಬದಿಯಿಂದ ಕೂಗಿ ಹೇಳಿಕೊಡಬೇಕಾಗಿರಲಿಲ್ಲ. ಹೆಕೆನ್ ಎದುರಿನ 120 ನಿಮಿಷ ನನಗೆ ಅರ್ಥವಾದದ್ದು ಅಲ್ಲಿ, ಆ ಮಳೆಯಲ್ಲಿ.

ದೊಡ್ಡ ತಂಡಗಳು ಫೆರೋದವರ ಕೈಯಲ್ಲಿ ಸಿಕ್ಕಿಬಿದ್ದದ್ದು 2023ರಲ್ಲೇ ಮೊದಲೂ ಅಲ್ಲ. 1990ರ ಸೆಪ್ಟೆಂಬರಿನಲ್ಲಿ ಅವರ ರಾಷ್ಟ್ರೀಯ ತಂಡ ತನ್ನ ಮೊಟ್ಟಮೊದಲ ಅಧಿಕೃತ ಸ್ಪರ್ಧಾತ್ಮಕ ಪಂದ್ಯದಲ್ಲೇ ಆಸ್ಟ್ರಿಯಾವನ್ನು 1-0 ಸೋಲಿಸಿತು. ದೇಶದಲ್ಲಿ ಹುಲ್ಲಿನ ಮೈದಾನ ಇಲ್ಲದ ಕಾರಣ ಆ 'ತವರು' ಪಂದ್ಯ ನಡೆದದ್ದು ಸ್ವೀಡನ್ನಿನ ಲಾಂಡ್ಸ್‌ಕ್ರೋನಾದಲ್ಲಿ. ಗೋಲು ಹೊಡೆದ ತೋರ್ಕಿಲ್ ನೀಲ್ಸೆನ್ ಮರದ ವ್ಯಾಪಾರದ ಕಂಪನಿಯಲ್ಲಿ ಮಾರಾಟದ ಕೆಲಸದವರು, ಚೆಸ್ ಆಟದಲ್ಲೂ ನಿಪುಣರು. ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಉಣ್ಣೆಯ ಬಿಳಿ ಟೋಪಿ ಹಾಕಿಕೊಂಡೇ ಆಡಿದರು. ಆಸ್ಟ್ರಿಯಾದ ಕೋಚ್ ಹಿಕರ್ಸ್‌ಬರ್ಗರ್ ಕೆಲಸ ಹೋಯಿತು. 2014ರಲ್ಲಿ ಗ್ರೀಸ್ ಸೋತಾಗ ಕ್ಲಾಡಿಯೋ ರನಿಯೇರಿ ಹೋದರು. ಮುಂದೆ ಲೆಸ್ಟರನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದ ಅದೇ ರನಿಯೇರಿ. 2025ರ ಅಕ್ಟೋಬರಿನಲ್ಲಿ ಟೋರ್ಸ್‌ಹಾವ್ನ್‌ನಲ್ಲಿ ಜೆಕ್ ಗಣರಾಜ್ಯ 2-1 ಸೋತಿತು, ಇವಾನ್ ಹಾಶೆಕ್ ಹೋದರು. 35 ವರ್ಷದಲ್ಲಿ ಮತ್ತೆ ಮತ್ತೆ ನಡೆಯುವುದನ್ನು ಇನ್ನೂ ಎಷ್ಟು ದಿನ ಆಕಸ್ಮಿಕ ಅನ್ನುವುದು?

ಗುಂಪು ಹಂತಕ್ಕೆ ಬರುತ್ತೇನೆ. ಫ್ರಾನ್ಸಿನ ಲೀಲ್, ಸ್ಲೊವಾಕಿಯಾದ ಸ್ಲೊವಾನ್ ಬ್ರಾಟಿಸ್ಲಾವಾ, ಸ್ಲೊವೇನಿಯಾದ ಒಲಿಂಪಿಯಾ. ಸ್ಲೊವಾನ್ ಜೊತೆ ಹಳೆಯದೊಂದು ಲೆಕ್ಕವಿತ್ತು. 2020ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯಕ್ಕೆ ಫೆರೋಗೆ ಬಂದಾಗ ಅವರಲ್ಲಿ ಕೊರೊನಾ ಪತ್ತೆಯಾಗಿ ಇಡೀ ತಂಡ ಕ್ವಾರಂಟೀನಿಗೆ ಹೋಯಿತು. ಎರಡನೇ ತಂಡವನ್ನು ಕಳಿಸಿದರು, ಅದರಲ್ಲೂ ಒಬ್ಬರಿಗೆ ಸೋಂಕು. ಆಡದೆಯೇ ಕೆಐಗೆ 3-0 ಗೆಲುವು ಕೊಟ್ಟರು. ಅದೇ ವರ್ಷ ಕೆಐಯವರು ಡಿನಾಮೊ ಟಿಬಿಲಿಸಿಯನ್ನು 6-1 ಬಡಿದು ಯುರೋಪಾ ಲೀಗಿನ ಗುಂಪು ಹಂತದ ಬಾಗಿಲವರೆಗೆ ಹೋಗಿ, ಡಬ್ಲಿನ್‌ನಲ್ಲಿ ಐರ್ಲೆಂಡಿನ ಡಂಡಾಕ್ ಎದುರು 3-1 ಸೋತು ಹಿಂದಿರುಗಿದ್ದರು. 2023 ದಿಢೀರನೆ ಬಂದ ವರ್ಷವಲ್ಲ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಗುಂಪಿನ ತವರು ಪಂದ್ಯಗಳು ನಡೆದದ್ದು ಕ್ಲಾಕ್ಸ್‌ವೀಕ್‌ನಲ್ಲಲ್ಲ, ಟೋರ್ಸ್‌ಹಾವ್ನ್‌ನ ರಾಷ್ಟ್ರೀಯ ಮೈದಾನದಲ್ಲಿ. ಅಕ್ಟೋಬರ್ 5ರ ಲೀಲ್ ಪಂದ್ಯಕ್ಕೆ ನಾನಿದ್ದೆ. ಕೆಲಸದ ಮೇಲೆ ಬಂದವನು ವಾಪಸು ಹೋಗುವ ದಿನವನ್ನೇ ಮುಂದೆ ಹಾಕಿದ್ದೆ. ಪಾವ್ಲೋ ಫೊನ್ಸೆಕಾ ತರಬೇತಿಯ ಲೀಲ್ ಎರಡೇ ವರ್ಷದ ಹಿಂದೆ ಫ್ರಾನ್ಸಿನ ಚಾಂಪಿಯನ್ ಆಗಿದ್ದ ಕ್ಲಬ್ಬು. ಚೆಂಡು ಹೆಚ್ಚುಹೊತ್ತು ಅವರ ಕಾಲಿನಲ್ಲೇ ಇತ್ತು. ಕೆಐನ ಹಿಂದಿನ ಸಾಲು ಗಾಬರಿ ಬೀಳಲಿಲ್ಲ. ಒಬ್ಬ ಮುಂದೆ ಹೋದರೆ ಪಕ್ಕದವ ಅವನ ಜಾಗಕ್ಕೆ ಸರಿಯುತ್ತಿದ್ದ, ತೊಂಬತ್ತು ನಿಮಿಷವೂ ಹಾಗೇ. ಕೊನೆಯ ಹತ್ತು ನಿಮಿಷ ನಮ್ಮ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. 0-0. ಗೋಲಿಲ್ಲದ ಪಂದ್ಯವೊಂದಕ್ಕೆ ಅಷ್ಟು ಗಂಟಲು ಹರಿದುಕೊಂಡದ್ದು ನನಗೆ ಬೇರೆ ನೆನಪಿಲ್ಲ. ಮೂರು ವಾರದ ನಂತರ ಅದೇ ಮೈದಾನದಲ್ಲಿ ಒಲಿಂಪಿಯಾವನ್ನು 3-0 ಸೋಲಿಸಿದರು. ಉಳಿದ ನಾಲ್ಕೂ ಪಂದ್ಯ ಸೋತು, 4 ಅಂಕದೊಂದಿಗೆ ಗುಂಪಿನ ಕೊನೆಯ ಸ್ಥಾನದಲ್ಲಿ ಮುಗಿಸಿದರು.

ಇನ್ನು ದುಡ್ಡಿನ ವಿಷಯ. ಗುಂಪು ಹಂತ ಮುಟ್ಟಿದ್ದಕ್ಕೇ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಕೊಡುತ್ತಿದ್ದದ್ದು 29.4 ಲಕ್ಷ ಯೂರೊ. ಗೆದ್ದ ಒಂದೊಂದು ಪಂದ್ಯಕ್ಕೆ ಇನ್ನೂ 5 ಲಕ್ಷ. ಸುಮಾರು 5 ಸಾವಿರ ಜನರ ಊರಿನ ಕ್ಲಬ್ಬಿಗೆ ಇದು ಸಣ್ಣ ಮೊತ್ತವಲ್ಲ. ಸಂತೋಷದ ಜೊತೆಗೇ ನನಗೊಂದು ಆತಂಕವೂ ಹುಟ್ಟಿತು. ನಮ್ಮ ಮಲ್ಪೆಯಲ್ಲಿ ನೋಡಿದ್ದೇನೆ, ಒಂದು ಬೋಟಿಗೆ ದೊಡ್ಡ ಇಂಜಿನ್ ಬಂದರೆ ಮರುವರ್ಷ ಉಳಿದವರೆಲ್ಲ ಸಾಲಕ್ಕೆ ನಿಲ್ಲುತ್ತಾರೆ, ಸಾಲ ಸಿಗದವನು ಬೋಟು ಮಾರುತ್ತಾನೆ. ಹತ್ತೇ ಕ್ಲಬ್ಬಿನ ಲೀಗಿನಲ್ಲಿ ಒಬ್ಬನ ಕೈಯಲ್ಲಿ ಅಷ್ಟು ಹಣ ಸೇರಿದರೆ, ಒಳ್ಳೆಯ ಹುಡುಗರೆಲ್ಲ ಅಲ್ಲಿಗೇ ಹೋದರೆ, 27 ಸುತ್ತಿನಲ್ಲಿ ಉಳಿಯುವುದೇನು? ಎದುರಾಳಿ ಗಟ್ಟಿಯಿಲ್ಲದಿದ್ದರೆ ಕೆಐ ಕೂಡ ಗಟ್ಟಿಯಾಗಿ ಉಳಿಯದು. ಫೋರ್‌ಮನ್ ಹತ್ತಿರ ಇದನ್ನೇ ಹೇಳಿದೆ. ಅವರಿಗೆ ಸಿಟ್ಟು ಬಂತು. "ನೂರು ವರ್ಷಕ್ಕೂ ಹಳೆಯ ಕ್ಲಬ್ಬು ನಮ್ಮದು. 1999ರಲ್ಲಿ ಗೆದ್ದ ಮೇಲೆ ಮತ್ತೆ ಗೆಲ್ಲಲಿಕ್ಕೆ 2019ರವರೆಗೆ ಕಾದಿದ್ದೇವೆ. ಆವಾಗ ನಮ್ಮ ಬಗ್ಗೆ ಯಾರಿಗೂ ಆತಂಕ ಆಗಲಿಲ್ಲವಲ್ಲ?" ಅಂದರು. ನಾನು ಸುಮ್ಮನಾದೆ. ಅವರ ಮಾತಿನಲ್ಲೂ ನ್ಯಾಯವಿತ್ತು. ಅವರ ಊರಿನ ಹೆಣ್ಣುಮಕ್ಕಳ ತಂಡವಂತೂ 2000ದಿಂದ 2016ರವರೆಗೆ ಒಂದು ವರ್ಷವೂ ಬಿಡದೆ ಲೀಗು ಗೆದ್ದಿತ್ತು. ಕೊನೆಗೆ ಆ ಓಟವನ್ನೂ ಪಕ್ಕದವರು ನಿಲ್ಲಿಸಿದರು.

2024ರಲ್ಲಿ ಗಂಡಸರ ಲೀಗಿನಲ್ಲೂ ಅದೇ ಆಯಿತು. ಪ್ರಶಸ್ತಿ ವೀಕಿಂಗುರ್ ಪಾಲಾಯಿತು. ವೀಕಿಂಗುರ್ ಅಂದರೆ ಗೋತಾ ಮತ್ತು ಲೈರ್‌ವೀಕ್ ಊರುಗಳ ಎರಡು ಕ್ಲಬ್ಬುಗಳು 2008ರಲ್ಲಿ ಸೇರಿ ಆದ ತಂಡ. ಆ ಲೈರ್‌ವೀಕ್ ಇರುವುದು ಕ್ಲಾಕ್ಸ್‌ವೀಕ್ ಸುರಂಗದ ಇನ್ನೊಂದು ಬಾಯಿಯಲ್ಲಿ. ಕಾನ್ಫರೆನ್ಸ್ ಲೀಗಿನ ಹಣ ಬಂದ ಮರುವರ್ಷವೇ ನೆರೆಮನೆಯವರು ಬಂದು ಕಪ್ಪು ಒಯ್ದರು! ನನಗಾದ ಖುಷಿಯನ್ನು ಮುಚ್ಚಿಡಲಿಲ್ಲ. ಕೆಐ ಮೇಲೆ ಪ್ರೀತಿ ಕಡಿಮೆಯಾಗಿದ್ದಕ್ಕಲ್ಲ, ಲೀಗು ಇನ್ನೂ ಲೀಗಾಗಿಯೇ ಇದೆ ಅನ್ನುವ ಸಮಾಧಾನಕ್ಕೆ. ಫೋರ್‌ಮನ್ ಎರಡು ವಾರ ನನ್ನ ಮೆಸೇಜಿಗೆ ಉತ್ತರ ಕೊಡಲಿಲ್ಲ. ಆಮೇಲೆ ಒಂದು ದಿನ ನಂಬರ್ ಮೂರರ ಕಂಪ್ರೆಸರ್ ಶಬ್ದ ಮಾಡುತ್ತಿದೆ, ಬಂದು ನೋಡು ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಇತ್ತು: ಮಾರ್ಚ್‌ನಲ್ಲಿ ಬಾ, ವೀಕಿಂಗುರ್ ಎದುರಿನ ಪಂದ್ಯದ ತಾರೀಕು ನೋಡಿಕೊಂಡು ಟಿಕೆಟ್ ಮಾಡು.